ಅನಘಾ ಅಡವಿಗೆ ಹೊಂಟ ಚಾತುರ್ಮಾಸ

ನಮ್ಮ ಅನಘಾ ಬಂದ್ಳು! ಇದನ್ನ ಮೊದಲು ಹೇಳಿಬಿಡ್ತೇನಿ, ಉಳಿದದ್ದು ಆಮ್ಯಾಲೆ. ಆರು ದಿನ ಒಬ್ಬಾಕಿನ ಮೋಟಾರ್‌ಸೈಕಲ್ ಮ್ಯಾಲೆ ಕಾಳಿ ಹೊಳಿ ಕಡೆ ಅಡವಿ ರಸ್ತಾ ಸುತ್ತಿ, ಇವತ್ತು ಮಧ್ಯಾಹ್ನ ಮೂರರ ಸುಮಾರಿಗೆ ಬಸವನ ಬಾಗೇವಾಡಿಯ ನಮ್ಮ ಮನಿ ಮುಂದ ಗಾಡಿ ತಂದು ನಿಲ್ಲಿಸಿದ್ಳು. ಕೈ ನೆಟ್ಟಗ, ಕಾಲು ನೆಟ್ಟಗ, ನಗುವಾಗ ಹಲ್ಲು ಅಷ್ಟೂ ಜಾಗಾದಾಗ. ಎಪ್ಪತ್ತರ ಮುದುಕ ನಾ, ಚಪ್ಪಲಿ ಮೆಟ್ಟೂದು ಮರೆತು ಓಣಿಗೆ ಓಡಿದೆ. ಎದುರು ಮನಿಯವ್ರಿಗೆ ಹೇಳಿದೆ, ಕಿರಾಣಿ ಅಂಗಡಿಯವಗ ಹೇಳಿದೆ, ಸೈಕಲ್ ಮ್ಯಾಲೆ ಹೊಂಟಿದ್ದ ಯಾರೋ ಗುರ್ತಿಲ್ಲದವಗೂ ಕೈ ಅಡ್ಡ ಹಾಕಿ ಹೇಳಿದೆ: "ನನ್ನ ಮೊಮ್ಮಗಳು ಬಂದ್ಳರಿ!"

"ಛಲೋ ಆತ್ರಿ ಅಜ್ಜಾರ. ಎಲ್ಲಿಗೆ ಹೋಗಿದ್ರು?"

"ಅಡವಿಗೆ."

ಅವ ಗಾಡಿ ನೋಡಿದ, ಅಕಿನ್ನ ನೋಡಿದ, ಕಡೀಕೆ ನನ್ನ ಬರಿಗಾಲು ನೋಡಿ, ಸೈಕಲ್ ತುಳಕೊಂಡು ಹೋದ.

ಅಕಿ ಮಾರಿ ತುಂಬ ಕೆಂಪು ಮಣ್ಣು. ಕನ್ನಡಕ ತೆಗೆದ್ರ ಕಣ್ಣಿನ ಸುತ್ತ ಅಷ್ಟ ಮೈಬಣ್ಣ. "ಇದು ನಿನ್ನ ಮಡ್‌ಗಾರ್ಡ್ ಪ್ರಸಾದ ಅಜ್ಜಾ" ಅಂದ್ಳು. ಅದರ ಕಥಿ ಮುಂದ ಬರತೈತಿ.

ಅಕಿ ಜಳಕಕ್ಕ ಹೋದ ಮ್ಯಾಲೆ ನಾ ಒಂದು ಕಡ್ಡಿ ತಗೊಂಡು ಗಾಡಿ ಹತ್ರ ಕುಕ್ಕರಗಾಲಿಲೆ ಕುಂತು, ಗಾಲಿಯಾಗ ಹೆಪ್ಪುಗಟ್ಟಿದ ಮಣ್ಣು ಕೆದರಿದೆ. ಒಂದು ಹೆಂಟಿ ಅಂಗೈಯಾಗ ಬಿತ್ತು. ಮೂಗಿಗೆ ಹಿಡದೆ. ಕೊಳೆತ ಎಲಿ, ತುಕ್ಕು ಹಿಡದ ಕಬ್ಬಿಣ, ಇನ್ನೂ ಏನೋ ತಂಪು. ನಮ್ಮ ಎರಿಮಣ್ಣಿಗೆ ಈ ವಾಸನಿ ಇಲ್ಲ. ನಮ್ಮದು ಮೊದಲ ಮಳಿಗೆ ಒಮ್ಮೆ ಘಮ್ ಅಂತೈತಿ, ಆಮ್ಯಾಲೆ ಬರೇ ಕಾಲಿಗೆ ಅಂಟಕೋತೈತಿ. ನಲವತ್ತು ವರ್ಷದ ಮ್ಯಾಲೆ ನನ್ನ ಮೂಗಿಗೆ ಬಂದ ವಾಸನಿ ಅದು. ಲಾರಿ ಹೊಡೀತಿದ್ದ ಆ ಕಾಲ ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ಈಗಷ್ಟ ಮುಗದ ಈ ನಾಲ್ಕು ತಿಂಗಳು. ಮಂದಿ ಇದ್ದ ಮನ್ಯಾಗ ನಾ ಎಷ್ಟು ಒಬ್ಬಂಟಿ ಆಗಿದ್ದೆ ಅನ್ನೂದು ಆ ಮಣ್ಣು ಕೈಯಾಗ ಇದ್ದಾಗ ಒಮ್ಮಿಲೆ ಎದಿಗೆ ಬಂತು. ಖುಷಿಯೊಳಗ ಅದನ್ನೂ ಬರದಿಡ್ತೇನಿ. ನಾಳೆ ನಾಡಿದ್ದು ಅಂದ್ರ ಖುಷಿ ಎಲ್ಲಾ ಮರೆಸಿಬಿಡತೈತಿ.

ನಮ್ಮದು ವೈಷ್ಣವರ ಮನಿ. ಮೂಲ ಊರು ಹಳೇ ಕೊಲ್ಹಾರ. ಈಗ ಮಗನ ನೌಕರಿ ಸಲುವಾಗಿ ಬಾಗೇವಾಡ್ಯಾಗ ಇರ್ತೇವಿ. ಮಗ ಶ್ರೀನಿವಾಸ, ಮನ್ಯಾಗ ಶೀನ, ಹೈಸ್ಕೂಲ್ ಮಾಸ್ತರ. ಸೊಸಿ ವಸುಧಾ. ಅವ್ರ ಒಬ್ಬಾಕಿ ಮಗಳು ಅನಘಾ, ಇಂಡಿ ತಾಲೂಕಿನಾಗ ಸರ್ವೇಯರ್. ಹೊಲ ಅಳಿಯೂ ಕೆಲಸ. ವಾರ ಪೂರ್ತಿ ಅಲ್ಲೇ ರೂಮಿನಾಗ ಇದ್ದು ಶನಿವಾರ ಮನಿಗೆ ಬರ್ತಾಳ. ನನ್ನ ಹೆಂಡತಿ, ಶೀನ ಆಯಿ ಅಂತಿದ್ದಾಕಿ, ತೀರಿಕೊಂಡು ಮೂರು ವರ್ಷ ಆತು. ನಾನು ನಾಲ್ಕನೇತ್ತಕ್ಕ ಸಾಲಿ ಬಿಟ್ಟಾವ. ಹನ್ನೆರಡು ವರ್ಷ ಲಾರಿ ಹೊಡದೆ. ಮನ್ಯಾಗ ಎಲ್ಲಾರೂ 'ಅದ' ಅಂತಾರ, ನಾ 'ಐತಿ' ಅಂತೇನಿ. ಲಾರಿ ತಿದ್ದಿದ ಬಾಯಿ, ಮತ್ತ ಹೊಳ್ಳಲಿಲ್ಲ.

ಶೀನ ಚಾತುರ್ಮಾಸ ಒಂದು ಎಳಿ ತಪ್ಪದಂಗ ಮಾಡ್ತಾನ. ಆಷಾಢ ಏಕಾದಶಿಗೆ ಶುರು ಆದ್ರ ಮೊದಲನೇ ತಿಂಗಳು ಕಾಯಿಪಲ್ಯೆ ಇಲ್ಲ, ಎರಡನೇ ತಿಂಗಳು ಮೊಸರಿಲ್ಲ, ಮೂರಕ್ಕ ಹಾಲಿಲ್ಲ, ನಾಲ್ಕಕ್ಕ ಬ್ಯಾಳಿ ಇಲ್ಲ. ಆ ನಾಲ್ಕು ತಿಂಗಳು ನಮ್ಮ ಮನ್ಯಾಗ ಕ್ಯಾಲೆಂಡರ್ ನೋಡೂದು ಬ್ಯಾಡ, ತಾಟು ನೋಡಿದ್ರ ಸಾಕು.

ಕಾಯಿಪಲ್ಯೆ ಇಲ್ಲದ ತಿಂಗಳ ಒಂದು ಶನಿವಾರ ಅನಘಾ ಬಸ್ಸಿಗೆ ಬರೂದು ಬಿಟ್ಟು ಎತ್ತರದ ಮೋಟಾರ್‌ಸೈಕಲ್ ಮ್ಯಾಲೆ ಬಂದ್ಳು. ಬದಲಿಯಾಗಿ ಬ್ಯಾರೆ ಜಿಲ್ಲೆಗೆ ಹೋದ ಒಬ್ಬ ಅಧಿಕಾರಿ ಕಡಿಂದ ತಗೊಂಡಿದ್ದು. ಶೀನ ಕಟ್ಟಿ ಮ್ಯಾಲೆ ನಿಂತು ಸುತ್ತ ನೋಡಿದ. "ಸ್ಕೂಟಿ ಸಾಕಾಗ್ತಿರಲಿಲ್ಲೇನು?" ಅಂದ.

"ಝಳಕಿ ಕಡೆ ಹೊಲದಾಗ ಸ್ಕೂಟಿ ಹೂತು ಕೂಡ್ತದ ಅಪ್ಪಾ. ಹೋದ ವಾರ ರೈತರು ನಾಲ್ಕು ಮಂದಿ ಎತ್ತಿ ಹೊರಗ ಇಟ್ರು. ಗಾಡಿ ಅಷ್ಟ ಅಲ್ಲ, ನನ್ನೂ."

ನೌಕರಿ ಮಾತು ಬಂದ್ರ ಶೀನ ಎದುರು ಆಡೂದಿಲ್ಲ. ಒಳಗ ಹೋದ. ಅಕಿ ಮಾತ್ರ ನನ್ನ ಖೋಲಿಗೆ ಬಂದು ಒಂದು ದೊಡ್ಡ ನಕಾಶಿ ನೆಲಕ್ಕ ಹಾಸಿ, ನಾಲ್ಕೂ ಮೂಲಿಗೆ ನನ್ನ ಚಷ್ಮಾ ಡಬ್ಬಿ, ತಂಬಿಗಿ, ಎರಡು ಚಪ್ಪಲಿ ಇಟ್ಟಳು.

"ಅಜ್ಜಾ, ನೀ ಹಳಿಯಾಳ, ದಾಂಡೇಲಿ ಕಡೆ ಲಾರಿ ಹೊಡದಿದ್ದಿ ಹೌದಲ್ಲೋ? ಅಡವಿ ಒಳಗಿನ ರಸ್ತಾ ಹೇಳು. ಡಾಂಬರಿಂದು ಅಲ್ಲ. ಮಣ್ಣಿಂದು."

ಸಿಂದಗಿಯ ಗೆಳತಿ ಶೈಲಾ, ಇಕಿ, ಇಬ್ಬರೂ ಕೂಡಿ ಕಾರ್ತೀಕದಾಗ ತುಳಸಿ ಲಗ್ನ ಆದ ಮ್ಯಾಲೆ ಆರು ದಿನ ಹೋಗೂದು. ಅಷ್ಟೊತ್ತಿಗೆ ಹಳ್ಳದ ನೀರು ಇಳದಿರತೈತಿ. ಅರಣ್ಯ ಇಲಾಖೆಗೆ ಪರವಾನಗಿ ಅರ್ಜಿ ಹಾಕಬೇಕು, ಸಂಜಿ ಆರಕ್ಕ ಗೇಟು ಮುಚ್ಚತಾರ, ಅದರೊಳಗ ಮುಕ್ಕಾಂ ಮುಟ್ಟಬೇಕು. ಇಷ್ಟೆಲ್ಲಾ ಅಕಿ ತಯಾರಿ ಮಾಡಿಕೊಂಡ ಬಂದಿದ್ಳು. ಗೆಳತಿ ಜೋಡಿ ಐತಲ್ಲ ಅಂತ ಶೀನನೂ ಆಮ್ಯಾಲೆ ಒಪ್ಪಿದ.

"ಒಂದು ಮುಕ್ಕಾಂದಿಂದ ಇನ್ನೊಂದಕ್ಕ ಎಷ್ಟು ಹೊತ್ತು ಹಿಡದಿ?" ಅಂದೆ.

"ಎಂಬತ್ತು ಕಿಲೋಮೀಟರ್. ಎರಡು ತಾಸು."

ನಾ ನಕ್ಕೆ. "ಅದು ಸಿಂದಗಿ ರಸ್ತಾದ ಲೆಕ್ಕ ತಂಗಿ. ಇಲ್ಲೆ ನಿಂತ್ರ ಮುಂದಿನ ಊರ ನೀರಿನ ಟಾಕಿ ಕಾಣತೈತಿ. ಅಲ್ಲಿ ಮುಂದಿನ ತಿರುವು ಸೈತ ಕಾಣೂದಿಲ್ಲ. ಎಂಬತ್ತು ಅಂದ್ರ ಮುಂಜಾನಿಂದ ಸಂಜಿ ತನಕ ಅನ್ನು."

ಅಕಿ ಪೆನ್ಸಿಲ್‌ಲೆ ಹೊಡದು ಹಾಕಿ ತಿದ್ದಿದ್ಳು. ನನ್ನ ಮಾತಿಗೆ ಒಬ್ಬರು ಕಾಗದದ ಮ್ಯಾಲೆ ಗೆರಿ ತಿದ್ದೂದು ನೋಡಿ ನಾ ಇನ್ನೊಂದಿಷ್ಟು ಹತ್ರ ಸರದು ಕುಂತೆ. ಹೆಂಡತಿ ಹೋದ ಮ್ಯಾಲೆ ನನ್ನ ಮಾತು ಅಂದ್ರ 'ಚಾ ಆತೇನು', 'ಪೇಪರ್ ಬಂತೇನು', ಇಷ್ಟ. ಅವತ್ತಿಂದ ನಾ ಶನಿವಾರ ಎಣಸಾಕ ಹತ್ತಿದೆ. ನಡುವಿನ ಆರು ದಿನ ಹೊರಗ ಜಿಟಿಜಿಟಿ ಮಳಿ, ಒಳಗ ನಾ ಒಬ್ಬಾವ, ಮನಸಿನ್ಯಾಗ ಅಡವಿ. ಯಾವ ತಿರುವಿನಾಗ ಏನಿತ್ತು, ಯಾವ ಹಳ್ಳಕ್ಕ ಎಷ್ಟು ನೀರು. ಮಾಸ್ತರ ಪಾಠ ಒಪ್ಪಸಾಕ ಹೇಳಿದಂಗ ಒಬ್ಬನ ಗುಣುಗುಣು ಅಂತಿದ್ದೆ. ಒಮ್ಮೆ ವಸುಧಾ ಬಾಗಲಾಗ ನಿಂತು, "ಮಾವಾ, ಜಪ ಮಾಡ್ಲಿಕ್ಕತ್ತೀರೇನು?" ಅಂದ್ಳು. ಹೌದವಾ ಅಂದೆ.

ಮೊಸರಿಲ್ಲದ ತಿಂಗಳು ಮುದ್ದೇಬಿಹಾಳಕ್ಕ ಹೋಗಿ ಗಾಡಿಗೆ ಸಾಮಾನು ಹೇರೂ ಕ್ಯಾರಿಯರ್ ಮಾಡಿಸಿದ್ವಿ. ಅಲ್ಲಿ ನಾ ಹಿರಿತನ ತೋರಿಸಿದೆ. ನಮ್ಮ ಎರಿ ಹೊಲದಾಗ ಮಳಿ ಬಿತ್ತು ಅಂದ್ರ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವ ಹಿಟ್ಟಿನಂಗ ತುರುಕಿ ಗಾಡಿ ನಿಲ್ಲಸತೈತಿ. ಅದಕ್ಕ ಮುಂದಿನ ಮಡ್‌ಗಾರ್ಡ್ ಗೇಣು ಎತ್ತರಕ್ಕ ಕಟ್ಟೂದು ನಮ್ಮ ಕಡೆ ರೂಢಿ. "ಅಡವ್ಯಾಗ ಇನ್ನೂ ಎತ್ತರ ಬೇಕು, ಎತ್ತಪಾ" ಅಂದೆ ವೆಲ್ಡಿಂಗ್‌ನವಗ.

"ಅಜ್ಜಾರ, ಇದರ ಕೆಳಗ ಕುರಿ ದಾಟತೈತಿ" ಅಂದ ಅವ.

"ದಾಟ್ಲಿ ಬಿಡು, ನಿಂದೇನು ಗಂಟು ಹೋಗತೈತಿ."

ಅಡವಿ ಕೆಂಪು ಮಣ್ಣು ಅಂಟೂದಿಲ್ಲ, ಸಿಡೀತೈತಿ. ಲಾರಿ ಎತ್ತರದಾಗ ಕುಂತಾವಗ ಅದು ಎಂದೂ ತಿಳದಿರಲಿಲ್ಲ. ಪಾಪ, ಕೂಸು ಆರು ದಿನ ಮಾರಿ ಮ್ಯಾಲೆ ಉಗುಳಿಸಿಕೊಂಡು ಬಂತು.

ಅವತ್ತು ಎರಡು ಸಣ್ಣ ಚೀಲ ಜ್ವಾಳ ಹೇರಿ, ನನ್ನ ಹಿಂದ ಕೂಡ್ರಿಸಿಕೊಂಡು ಹೂವಿನ ಹಿಪ್ಪರಗಿ ಮ್ಯಾಲೆ ಹಾದು ಬಾಗೇವಾಡಿ ತನಕ ಪರೀಕ್ಷಾ ಮಾಡಿದ್ಳು. ತೊಗರಿ ಮೊಳಕಾಲಿಗೆ ಬಂದಿತ್ತು, ಮೋಡ ತಲಿ ಮ್ಯಾಲೆ ಇತ್ತು, ಎದುರು ಗಾಳಿ. ಎಪ್ಪತ್ತರ ವಯಸ್ಸಿನಾಗ ಗಾಡಿ ಹಿಂದ ಕುಂತು "ಕ್ಲಚ್ ಬಿಡು, ಕ್ಲಚ್ ಬಿಡು" ಅಂತ ಒದರಿಕೋತ ಬಂದೆ.

ಜಗಳ ಆದದ್ದು ನಕಾಶಿ ಮ್ಯಾಲಿನ ಮೂರನೇ ಮುಕ್ಕಾಮಿನ ಸಲುವಾಗಿ. ನಾ ಹೇಳಿದ್ದು ಒಂದು ಒಳರಸ್ತಾ. ಹೋಗುವಾಗ ಜ್ವಾಳ, ಬರುವಾಗ ಬಿದಿರು ಹೇರಿ ನೂರು ಸಲ ದಾಟಿದ್ದು. ದೊಡ್ಡ ಹಲಸಿನ ಗಿಡ, ಬಲಕ್ಕ ಹೊಳ್ಳಿದ್ರ ಇಳಕಲು, ಕೆಳಗ ಹತ್ತು ಮನಿ ಊರು, ಒಂದು ಚಾದ ಅಂಗಡಿ. ಅಕಿ ಫೋನಿನಾಗ ನೋಡಿ ತಲಿ ಅಲ್ಲಾಡಿಸಿದ್ಳು.

"ಅಜ್ಜಾ, ಇಲ್ಲಿ ರಸ್ತಾ ಇಲ್ಲ. ನೀರದ."

"ನಿನ್ನ ಫೋನು ಸುಳ್ಳು. ರಸ್ತಾ ಎಲ್ಲಿಗೆ ಹೋಗತೈತಿ? ಅದಕ್ಕೇನು ಕಾಲು ಬಂದಾವೇನು?"

"ನಾ ದಿನಾ ಬೆಳಗಾದ್ರ ನಕಾಶಿ ಓದಾಕಿ."

"ನಾ ಆ ರಸ್ತಾ ಓದಿದಾವ. ಚಕ್ರದ್ಲೆ ಓದಿದಾವ!"

ಮರುದಿನ ರವಿವಾರ ಅಕಿ, "ನಡಿ, ಕೊಲ್ಹಾರಕ್ಕ ಹೋಗಿ ಬರೂಣು" ಅಂದ್ಳು. ಕೊಲ್ಹಾರ ಅಂದ್ರ ಮೊಸರು. ಗಡಿಗಿ ಮೊಸರು ಕೊಯ್ದ್ರ ಹೋಳು ಬರಬೇಕು, ಅಂಥಾದ್ದು. ಮೊಸರಿಲ್ಲದ ತಿಂಗಳಾಗ ಅಂಗಡಿ ಮುಂದ ಮೂಗು ಮುಚ್ಚಿಕೊಂಡು ದಾಟಿ ಅಣಿಕಟ್ಟಿನ ಹಿನ್ನೀರಿನ ದಂಡಿಗೆ ಬಂದ್ವಿ. ಸೇತುವಿ ಕಡೆಯಿಂದ ಗಾಳಿ ಬೀಸಾಕತ್ತಿತ್ತು. ಮೀನಗಾರರ ಬುಟ್ಟಿ ದೋಣಿ ಎರಡು ದೂರಕ್ಕ ಕಾಣತಿದ್ವು.

"ನಿಮ್ಮ ಮನಿ ಎಲ್ಲಿತ್ತು ಅಜ್ಜಾ? ತೋರಿಸು."

ಕೈ ಎತ್ತಿದೆ. ನಮ್ಮ ಓಣಿ, ಹಿಂದ ಹುಣಸಿ ಗಿಡ, ಮುಂದ ಹಣಮಪ್ಪನ ಗುಡಿ. ಬಟ್ಟು ನೀರಿನ ಮ್ಯಾಲೆ ನಿಂತಿತು. ಅಕಿ ಫೋನು ತೆಗೆದು ತೋರಿಸಿದ್ಳು, ನಮ್ಮ ಮನಿ ಇದ್ದಲ್ಲಿ ನೀಲಿ. ಆಮ್ಯಾಲೆ ಬಟ್ಟಿಲೆ ಸರಿಸಿ ಅಡವಿ ಕಡೆ ತಂದು ತೋರಿಸಿದ್ಳು. ನನ್ನ ರಸ್ತಾ ಇದ್ದಲ್ಲೂ ಅದ ನೀಲಿ.

ಊರು ನೀರಿಗೆ ಹೋಗೂದು ನೋಡಿದಾವ ನಾ. ಬಾಗಲಾ ಚೌಕಟ್ಟು ಕಿತ್ತು ಬಂಡಿ ಮ್ಯಾಲೆ ಹೇರಿದಾವ. ಇಂಥಾವನ ತಲ್ಯಾಗ, ಬ್ಯಾರೆ ಕಡೆಯೂ ಅಣಿಕಟ್ಟು ಕಟ್ಟಿರತಾರ, ಬ್ಯಾರೆಯವ್ರ ಊರೂ ಮುಳುಗಿರತೈತಿ ಅನ್ನೂದು ಬರಲೇ ಇಲ್ಲ! ನಮ್ಮದೊಂದ ಹೋಗೇತಿ, ಜಗತ್ತಿನ ಉಳಿದದ್ದೆಲ್ಲಾ ನಾ ಬಿಟ್ಟು ಬಂದಲ್ಲೇ ನನ್ನ ಸಲುವಾಗಿ ಕಾಯಾಕತ್ತೈತಿ ಅಂತ ತಿಳಕೊಂಡಿದ್ದೆ. ಆ ಚಾದ ಅಂಗಡಿಯವ ಬಿಸ್ಕೀಟು ಎಣಸದ ಕೊಡತಿದ್ದ. ಅವ ಎತ್ತ ಹೋದನೋ. ಹೆಸರು ಸೈತ ಕೇಳಿದ್ದಿಲ್ಲ ನಾ.

"ಇನ್ನ ನನ್ನ ಕಡೆ ನಿನಗ ಹೇಳೂವಂಥಾದ್ದು ಏನೂ ಇಲ್ಲ ತಂಗಿ" ಅಂದೆ.

"ಅದ. ಹಳ್ಳ ಹ್ಯಾಂಗ ದಾಟೂದು ಹೇಳು. ಅದು ಮುಳುಗಿಲ್ಲಲ್ಲ?"

ಹೇಳಿದೆ. ಮೊದಲು ಗಾಡಿ ನಿಲ್ಲಿಸಿ ಕೋಲು ಹಿಡದು ನಡದು ದಾಟಬೇಕು, ನೀರು ಮೊಳಕಾಲು ಮುಟ್ಟಿದ್ರ ಹೊಳ್ಳಿ ಬರಬೇಕು, ನಡುನೀರಾಗ ಗಿಯರ್ ಬದಲಿಸಬಾರದು. ಅಕಿ ಬರಕೊಂಡ್ಳು. ಬರಕೋತ ಬರಕೋತ, ತಲಿ ಎತ್ತದ ಅಂದ್ಳು: "ಶೈಲಾ ಬರೂದಿಲ್ಲ ಅಜ್ಜಾ. ನಾ ಒಬ್ಬಾಕಿನ ಹೋಗ್ತೀನಿ. ಅಪ್ಪಗ ಈಗ ಹೇಳಬ್ಯಾಡ. ನಾನ ಹೇಳ್ತೀನಿ."

ನಾ ಹೂಂ ಅಂದೆ. ಆ ಒಂದು 'ಹೂಂ' ನನಗ ತುಟ್ಟಿ ಬಿತ್ತು.

ಗಣಪತಿ ಕಳಿಸಿದ ಮರುದಿನ ಸಿಂದಗಿಯಿಂದ ಶೈಲಾನ ಅಪ್ಪ ಬಂದ್ರು. ಮಗಳಿಗೆ ವರ ಗಟ್ಟಿ ಆಗೇದ, ತುಳಸಿ ಲಗ್ನದ ಮ್ಯಾಲೆ ಮೊದಲನೇ ಮುಹೂರ್ತ, ಎಲ್ಲಾರೂ ಬರಬೇಕು ಅಂತ ಬಾಯಿಮಾತಿಲೆ ಕರದು, ಅವಲಕ್ಕಿ ತಿಂದು, ಚಾ ಕುಡದು ಹೋದ್ರು. ಅವ್ರು ಓಣಿ ದಾಟೂ ತನಕ ಶೀನ ಬಾಗಲಾಗ ನಿಂತಿದ್ದ. ತುಳಸಿ ಲಗ್ನದ ಮ್ಯಾಲಿನ ವಾರ. ಇಬ್ಬರು ಅಡವಿಗೆ ಹೊಂಟ ವಾರ. ಹೊಳ್ಳಿ ನನ್ನ ಮಾರಿ ನೋಡಿದ. ಮಾಸ್ತರ ಅವ, ಗೊತ್ತಿದ್ದೂ ಸುಮ್ಮ ಕುಂತವ್ರ ಮಾರಿ ಎಂಥದ್ದಿರತೈತಿ ಅಂತ ಅವಗ ಹೇಳಿಕೊಡಬೇಕಾಗಿಲ್ಲ.

"ಎಷ್ಟು ದಿನದಿಂದ ಗೊತ್ತದ ನಿಮಗ?"

"ಹದಿನೈದು ದಿನ."

"ನೀವು ರೋಡ್ ಮ್ಯಾಲೆ ಇದ್ರಿ, ನಾನೂ ಆಯಿನೂ ಕಾಯ್ಕೋತ ಕೂತ್ವಿ. ನನ್ನ ಸಣ್ಣತನ ಪೂರ್ತಿ ಕಾಯೂದ ಆತು. ಈಗ ಮಗಳದೂ ಕಾಯಬೇಕೇನು ನಾ? ಅಕಿಗೆ ನೀವ ದಾರಿ ತೋರಿಸಿ, ಮತ್ತ ನನ್ನಿಂದ ಮುಚ್ಚೂದು ಬ್ಯಾರೆ."

ಅದ ಕಡೀ ಮಾತು. ಮಗಳಿಗೆ ಅವ ಹೋಗು ಅನ್ನಲಿಲ್ಲ, ಬ್ಯಾಡ ಅಂತೂ ಅನ್ನಲಿಲ್ಲ. ನನ್ನ ಜೋಡಿ ಮಾತು ಬಿಟ್ಟ. ಮಾತು ಬಿಟ್ಟದ್ದು ತಡಕೋಬಹುದು, ಅವ ಪಂಕ್ತಿ ಬಿಟ್ಟ. ನಮ್ಮ ಮನ್ಯಾಗ ನೈವೇದ್ಯ ಆದ ಮ್ಯಾಲೆ ಗಂಡಸರು ಒಂದ ಸಾಲಿಗೆ ಕೂಡೂದು. ನಮ್ಮಪ್ಪ ಬದುಕಿದ್ದಾಗ, ನಾ ಲಾರಿಯಿಂದ ಇಳದು ಬಂದ್ರ, ಎಲ್ಲೆಲ್ಲೋ ಉಂಡು ಬಂದಾವ ಅಂತ ಮೊಳ ದೂರ ಬ್ಯಾರೆ ಮಣಿ ಹಾಕಸ್ತಿದ್ದ. ಆ ಮೊಳ ದೂರ ನನ್ನ ಎದ್ಯಾಗ ಎಂದೂ ಸಣ್ಣದಾಗಲಿಲ್ಲ. ಅದಕ್ಕ ಶೀನ ದೊಡ್ಡವಾದ ಮ್ಯಾಲೆ ಅವನ ಪಕ್ಕಕ್ಕ ಹತ್ತಿ ಕೂಡ್ತಿದ್ದೆ, ತೊಡಿಗೆ ತೊಡಿ ತಾಗೂಹಂಗ. ಈಗ ಅವ, "ನಂದು ಪೂಜಿ ತಡಾ ಆಗ್ತದ, ಉಣ್ಣಲಿಕ್ಕೆ ಹೇಳು ಅವ್ರಿಗೆ" ಅಂತ ವಸುಧಾಗ ಹೇಳಿ ದೇವರ ಖೋಲ್ಯಾಗ ಕೂಡ್ತಿದ್ದ. ನಾ ಎದ್ದು ಕೈ ತೊಳಕೊಂಡ ಸಪ್ಪಳ ಕೇಳಿದ ಮ್ಯಾಲೆ ಹೊರಗ ಬರತಿದ್ದ.

ಹಾಲಿಲ್ಲದ ತಿಂಗಳು ಕಳೀತು. ಬ್ಯಾಳಿ ಇಲ್ಲದ ತಿಂಗಳು ಬಂತು. ಉತ್ತರಿ ಮಳಿ ಎರಡು ದಿನ ಜೋರ ಹೊಡದು ನಿಂತಿತು, ಹಿಂಗಾರಿ ಜ್ವಾಳ ಬಿತ್ತಾಕ ಮಂದಿ ಹೊಲಕ್ಕ ಹೋದ್ರು, ಓಣಿ ಮಧ್ಯಾಹ್ನಕ್ಕ ಭಣಭಣ. ಒಳಗ ಶೀನ ಹುಡುಗರಿಗೆ ಟ್ಯೂಷನ್ ಹೇಳೂ ದನಿ ಕೇಳತಿತ್ತು. ಎಷ್ಟು ಛಂದ ಹೇಳ್ತಾನ, ತಪ್ಪಿದವಗೂ ಮೆತ್ತಗ. ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಆ ಪಾಠ ಕೇಳೂದು ಒಂದ ನನಗ ಉಳಿದಿತ್ತು. ಉಣ್ಣಾಕ ಕುಂತ್ರ ತುತ್ತು ನುಂಗೂ ಸಪ್ಪಳ ನನಗ ಕೇಳತಿತ್ತು. ವಸುಧಾ ಪಾಪ ಏನಾದ್ರೂ ಒಂದು ಮಾತು ತೆಗೀತಿದ್ಳು. ಇಬ್ಬರ ನಡುವ ನಿಂತು ಅಕಿನೂ ದಣದಿದ್ಳು. "ಮಾವಾ, ಇನ್ನೊಂದು ಸ್ವಲ್ಪ ಅನ್ನ?" "ಸಾಕವಾ." ಅಲ್ಲಿಗೆ ಮುಗೀತು.

ನವರಾತ್ರಿ ಮುಗದ ಮ್ಯಾಲೆ ಅನಘಾ ಒಂದು ಶನಿವಾರ ನನ್ನ ಖೋಲಿಗೆ ಬಂದು ಬಾಗಲಾ ಹಾಕಿಕೊಂಡ್ಳು. ಪರವಾನಗಿ ಪತ್ರ ಬಂದಿತ್ತು. ಅದನ್ನ ನನ್ನ ಮುಂದ ಇಟ್ಟು, "ಅಜ್ಜಾ, ನೀ ಬ್ಯಾಡ ಅಂದ್ರ ಬಿಡ್ತೀನಿ. ಖರೇನ ಬಿಡ್ತೀನಿ. ನೀ ಹಿಂಗ ಒಬ್ಬಾವನ ಉಣ್ಣೂದು ನನಗ ನೋಡ್ಲಿಕ್ಕೆ ಆಗೂದಿಲ್ಲ" ಅಂದ್ಳು.

ಸುಳ್ಳು ಯಾಕ ಹೇಳಲಿ, ಬ್ಯಾಡ ಅನ್ನಾಕ ಬಾಯಿ ತೆಗೆದಿದ್ದೆ. ಒಂದ ಮಾತು. ಅಂದ್ರ ಅವತ್ತ ಸಂಜಿಕೆ ಶೀನ ನನ್ನ ಪಕ್ಕಕ್ಕ ಬಂದು ಕೂಡ್ತಿದ್ದ. ಅಕಿ ಮುಖ ನೋಡಿದೆ. ಹೊಲದಿಂದ ಹೊಲಕ್ಕ ಬಿಸಿಲಾಗ ತಿರುಗಿ ಕಪ್ಪಾದ ಮುಖ. ಮಂದಿ ಹೊಲದ ಗಡಿಯ ಬಾಂದುಗಲ್ಲು ಹುಡುಕಿ ಕೊಡೂ ಹುಡುಗಿ, ತನ್ನ ಸಲುವಾಗಿ ಕೇಳಿದ್ದು ಆರು ದಿನ.

"ಒಬ್ಬಾಕಿನ ಹೆದರಿಕಿ ಬರೂದಿಲ್ಲೇನು?" ಅಂದೆ.

"ಬರ್ತದ. ಶೈಲಾ ಇಲ್ಲದ ಹೋಗೂದು ಬ್ಯಾರೆನ. ಆದ್ರ ಹೆದರಿಕಿ ಸಲುವಾಗಿ ಬಿಟ್ರ, ಮುಂದ ಎಲ್ಲಾಕ್ಕೂ ಯಾರನ್ನರ ಹುಡುಕ್ಕೋತ ಕೂಡಬೇಕಾಗ್ತದ ಅಜ್ಜಾ."

"ಹೋಗು" ಅಂದೆ. "ನನ್ನ ಊಟದ ಸಲುವಾಗಿ ನಿಲ್ಲಬ್ಯಾಡ. ಆದ್ರ ಅಪ್ಪನ ಮುಂದ ನಿಂತು, ದಿನಾ ಎಲ್ಲಿರ್ತಿ, ಯಾರ ಮನ್ಯಾಗ ಇಳೀತಿ, ಎಲ್ಲಾ ಬರದು ಕೊಟ್ಟು ಹೋಗು. ನಾ ಮುಚ್ಚಿದ್ದು ತಪ್ಪು. ನೀ ಮುಚ್ಚಬ್ಯಾಡ."

ಬರದ ಕೊಟ್ಟಳು. ಶೀನ ಅದನ್ನ ಓದಿ, ಎರಡು ಕಡೆ ಅಕ್ಷರ ತಿದ್ದಿ, ಮಡಚಿ ಅಂಗಿ ಕಿಸೇದಾಗ ಇಟ್ಟುಕೊಂಡ.

ತುಳಸಿ ಲಗ್ನದ ಮೂರನೇ ದಿನ ಮುಂಜಾನೆ ಹೋದ್ಳು. ವಸುಧಾ ಧಪಾಟಿ, ಚಟ್ನಿಪುಡಿ, ಮೆಂತೆಹಿಟ್ಟು ಕಟ್ಟಿ ಕೊಟ್ಟು ಕಣ್ಣು ಒರೆಸಿಕೊಂಡ್ಳು. ಮೊದಲನೇ ದಿನ ಸಂಜಿಕೆ ಫೋನ್ ಬಂತು. ಆಮ್ಯಾಲೆ ಎರಡು ದಿನ ನೆಟ್‌ವರ್ಕ್ ಇರೂದಿಲ್ಲ ಅಂತ ಮೊದಲ ಹೇಳಿದ್ಳು. ನಾಲ್ಕನೇ ದಿನ ಸಂಜಿಕೆ ಮಾಡ್ತೀನಿ ಅಂದಿದ್ಳು.

ನಾಲ್ಕನೇ ದಿನ ಸಂಜಿ ಆತು. ಫೋನ್ ಬರಲಿಲ್ಲ.

ಲಾರಿ ಹೊಡೀವಾಗ ನಾನೂ ಎಷ್ಟೋ ಸಲ ಹೇಳಿದ ದಿನಕ್ಕ ಬಂದಿಲ್ಲ. ಎಕ್ಸಲ್ ಮುರೀತಿತ್ತು, ಮಳಿ ಹತ್ತತಿತ್ತು, ಒಮ್ಮೊಮ್ಮೆ ಬರೇ ಇಸ್ಪೀಟು ಆಡ್ಕೋತ ಕುಂತದ್ದೂ ಐತಿ. ನಾಳೆ ಹೋದ್ರಾತು ಅಂತಿದ್ದೆ. ಆ 'ನಾಳೆ' ಮನ್ಯಾಗ ಕುಂತವ್ರಿಗೆ ಎಷ್ಟು ಉದ್ದ ಇರತೈತಿ ಅಂತ ಎಪ್ಪತ್ತು ವರ್ಷದ ಮ್ಯಾಲೆ ತಿಳೀತು.

ಐದನೇ ದಿನ ಮುಂಜಾನೆ ಶೀನ ಸಾಲಿಗೆ ರಜಾ ಹಾಕಿದ. ಕಟ್ಟಿ ಮ್ಯಾಲೆ ಆ ತುದಿಗೆ ಅವ, ಒಳಗ ಕಿಡಕಿ ಹತ್ರ ನಾ. ಓಣ್ಯಾಗ ಯಾವುದಾದ್ರೂ ಗಾಡಿ ಸಪ್ಪಳ ಆದ್ರ ಸಾಕು, ನಾ ಏಳತಿದ್ದೆ. ಎದ್ದು ಹೊರಗ ಬಂದ್ರ ಅವ ಇರತಿದ್ದ, ಅವನ ಮುಂದ ಸುಮ್ಮ ನಿಲ್ಲಾಕ ನಾಚಿಕಿ. ಅದಕ್ಕ ತಂಬಿಗಿ ತಗೊಂಡು ತುಳಸಿಗೆ ನೀರು ಹಾಕಿ ಒಳಗ ಹೋಗ್ತಿದ್ದೆ. ಹಾಲಿನವ ಬಂದ, ನೀರು ಹಾಕಿದೆ. ಪೇಪರಿನವ ಬಂದ, ಹಾಕಿದೆ. ಗ್ಯಾಸಿನ ಗಾಡಿ ಬಂತು, ಹಾಕಿದೆ.

"ಅಪ್ಪಾ."

ತಂಬಿಗಿ ಕೈಯಾಗ ಹಂಗ ನಿಂತಿತು. ಎರಡೂವರಿ ತಿಂಗಳ ಮ್ಯಾಲೆ ಕೇಳಿದ ಮಾತು.

"ಅಪ್ಪಾ, ಎಷ್ಟು ಸಲ ಹಾಕ್ತೀರಿ? ಬೇರು ಕೊಳೀತಾವ."

ನಾ ಅಲ್ಲೇ ತುಳಸಿ ಕಟ್ಟಿಗೆ ಆತು ನಿಂತೆ. ಅವ ನನ್ನ ನೋಡಲಿಲ್ಲ, ಓಣಿ ನೋಡಿಕೋತ ಹೇಳಿದ:

"ಆಯಿನೂ ಹಿಂಗ ಮಾಡ್ತಿದ್ಳು. ಕೊಲ್ಹಾರದಾಗ ಲಾರಿ ಸಪ್ಪಳ ಕೇಳಿದ್ರ ಗಪ್ಪನ ಎದ್ದು ನಿಂದರತಿದ್ಳು. ನಿಮ್ಮ ಲಾರಿ ಅಲ್ಲ ಅಂತ ಗೊತ್ತಾದ್ರ, ನೀರು ತರ್ಲಿಕ್ಕೆ ಎದ್ದಾಕಿ ಹಂಗ ಕೊಡ ತಗೊಂಡು ಹೊಳಿಗೆ ಹೋಗ್ತಿದ್ಳು. ನನಗ ತಿಳೀಬಾರದಂತ. ನಮ್ಮ ಮನ್ಯಾಗ ಕೊಡ ಎಂದೂ ಖಾಲಿ ಇರ್ತಿರಲಿಲ್ಲ ಅಪ್ಪಾ. ಮಂದಿ, ಎಷ್ಟು ಅಚ್ಚುಕಟ್ಟು ಹೆಣ್ಣುಮಗಳು ಅಂತಿದ್ರು."

ನಾ ಮನಿಗೆ ಬಂದಾಗೆಲ್ಲಾ ತುಂಬಿದ ಕೊಡ ನೋಡಿದಾವ. ತಣ್ಣೀರು ಮಾರಿಗೆ ಹೊಡಕೊಂಡು ಹಾ ಅಂದಾವ. ಯಾರೂ ಏನೂ ಹೇಳಲಿಲ್ಲ ನನಗ. ಅಕಿನೂ ಹೇಳದನ ಹೋದ್ಳು.

"ಶೀನಾ, ನನಗ ಗೊತ್ತಿರಲಿಲ್ಲಪ್ಪಾ" ಅಂದೆ.

"ನೀವು ಕೇಳಲಿಲ್ಲ."

"ಇಲ್ಲ. ಕೇಳಲಿಲ್ಲ." ತಂಬಿಗಿ ಕೆಳಗ ಇಟ್ಟೆ. "ಕಾಯೂದು ಹಿಂಗಿರತೈತಿ ಅಂತ ಇವತ್ತು ಗೊತ್ತಾತು. ಬಾಳ ತಡಾ ಆತು."

ಅವ ಸ್ವಲ್ಪ ಸರದ. ಕಟ್ಟಿ ಮ್ಯಾಲೆ ನನಗ ಜಾಗಾ ಆತು. ಕುಂತೆ. ಇಬ್ಬರೂ ಓಣಿ ನೋಡಿಕೋತ ಕುಂತ್ವಿ.

ಹನ್ನೊಂದಕ್ಕ ಗುರ್ತಿಲ್ಲದ ನಂಬರಿನಿಂದ ಫೋನ್. ಶೀನ ಸ್ಪೀಕರ್ ಹಾಕಿದ. ಅನಘಾನ ದನಿ: "ಅಪ್ಪಾ, ಗಿಡ ಬಿದ್ದು ರಸ್ತಾ ಬಂದ್ ಆಗಿತ್ತು. ಹೊಳ್ಳಿ ಸುತ್ತು ಹಾಕಿ ಬಂದೆ, ನಿನ್ನೆ ಒಂದು ಮನ್ಯಾಗ ಉಳದೆ. ನನ್ನ ಫೋನು ನೀರಾಗ ನೆಂದದ, ಇದು ಬಸ್ ಕಂಡಕ್ಟರ್ ಫೋನು. ಅರಾಮಿದ್ದೀನಿ. ನಾಳೆ ಬರ್ತೀನಿ."

"ಊಟಾ ಮಾಡಿಯೇನು?" ಅಂದ ಶೀನ. ಅಷ್ಟ ಕೇಳಿದ. ಫೋನ್ ಇಟ್ಟು ಎರಡೂ ಅಂಗೈಲೆ ಮಾರಿ ಮುಚ್ಚಿಕೊಂಡ. ನಾ ಅವನ ಬೆನ್ನ ಮ್ಯಾಲೆ ಕೈ ಇಟ್ಟೆ. ಸಣ್ಣವಿದ್ದಾಗ ಇಟ್ಟ ನೆನಪು ನನಗಿಲ್ಲ.

ಮಧ್ಯಾಹ್ನ ಊಟಕ್ಕ ಕೂಡೂ ಮುಂದ ಕರದೆ. "ಇವತ್ತು ಬ್ಯಾಡ ಅಪ್ಪಾ" ಅಂದ. "ಅಕಿ ಬರ್ಲಿ."

ಇವತ್ತು ಬಂದ್ಳು. ಸಂಜಿ ದೀಪ ಹಚ್ಚಿದ ಮ್ಯಾಲೆ ವಸುಧಾ ಬಿಸಿ ರೊಟ್ಟಿ, ಎಣಗಾಯಿ, ಅನ್ನ, ಸಾರು, ಸ್ವಲ್ಪ ಶ್ಯಾವಿಗಿ ಪಾಯಸ ಮಾಡಿದ್ಳು. ಶೀನ ತಾನ ಬಂದು ಒಂದ ಸಾಲಿಗೆ ನಾಲ್ಕು ಮಣಿ ಹಾಕಿದ.

"ನಾಲ್ಕು ಯಾಕ? ಬಡಿಸಾವ್ರು ಯಾರು?" ಅಂದ್ಳು ವಸುಧಾ.

"ಪಾತ್ರಿ ಎಲ್ಲಾ ನಡುವ ಇಡು. ಬೇಕಾದಾವ್ರು ಕೈಲೆ ತಗೋತಾರ. ನೀನೂ ಕೂಡು."

"ಅಯ್ಯ, ಮಾಸ್ತರ ಮಡಿ ಎಲ್ಲಿಗೆ ಹೋತು?"

"ಅಡವಿಗೆ ಹೋಗೇದ. ಕೂಡು ಸುಮ್ಮನ."

ಅನಘಾ ನಕ್ಕ ರಭಸಕ್ಕ ನೀರು ನೆತ್ತಿಗೆ ಹತ್ತಿತು. ಶೀನ ನನ್ನ ಪಕ್ಕದ ಮಣಿ ಇನ್ನೂ ಇಷ್ಟು ಹತ್ರ ಎಳಕೊಂಡು ಕುಂತ. ಅವನ ತೊಡಿ ನನ್ನ ತೊಡಿಗೆ ತಾಗಿತು. ರೊಟ್ಟಿ ಮುರದು ಬಾಯಿಗೆ ಇಟ್ಟುಕೊಂಡೆ, ಕಣ್ಣು ಒರೆಸಿಕೊಂಡು ಖಾರ ಆಗೇತಿ ಅಂದೆ. ಖಾರ ಇರಲಿಲ್ಲ. ವಸುಧಾ ನನ್ನ ತಾಟಿಗೆ ಒಂದು ಚಮಚ ತುಪ್ಪ ಹಾಕಿದ್ಳು.

ಪಾಯಸ ಮುಗಿಯೂ ಹೊತ್ತಿಗೆ ಶೀನ, ತಾಟಿನ ಕಡೆನ ನೋಡಿಕೋತ, "ಅಪ್ಪಾ, ಆವಾಗ ನೀವು ಅಡವ್ಯಾಗ ಎಲ್ಲಿ ಉಣ್ತಿದ್ರಿ?" ಅಂದ.

ನಾ ಹೇಳಾಕ ಹತ್ತಿದೆ. ಕಲ್ಲು ಮೂರು ಇಟ್ಟು ಒಲಿ ಹೂಡೂದು, ಟಾರ್ಪಾಲಿನ ಕೆಳಗ ಮಳಿ ನೋಡಿಕೋತ ಅನ್ನ ಬೇಯೂ ತನಕ ಕೂಡೂದು, ಉಪ್ಪು ಮರೆತ ದಿನ ಏನು ಮಾಡಿದ್ವಿ ಅನ್ನೂದು. ಅವ ಒಂದು ಮುಗಿದ್ರ ಇನ್ನೊಂದು ಕೇಳಿದ. ನಾಲ್ಕೂ ಮಂದಿ ಎಂಜಲಗೈ ಒಣಗಿ ಬಿರುಸಾದ್ವು. ಯಾರೂ ಏಳಲಿಲ್ಲ.